ಚಾವಣಿಯ ಮೇಲೊಂದು ಬೇಣ: ಕರಾವಳಿಯ ಮಳೆಯಲ್ಲಿ ಹಸಿರು ಚಾವಣಿ ಕಟ್ಟುವುದು ಮತ್ತು ಕಾಯುವುದು

ಕಾರವಾರದಲ್ಲಿ ಮನೆ ಕಟ್ಟಿಸುತ್ತಿರುವವರು, ಗುತ್ತಿಗೆದಾರರು ಮತ್ತು ಮೇಸ್ತ್ರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಗೋಡೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಮಾತಿನಲ್ಲಿ ವಿವರಿಸಿದ್ದೇನೆ.

ಈ ಊರಿನ ಯಾವುದೇ ಎತ್ತರದ ಕಟ್ಟಡದ ಮೇಲೆ ನಿಂತು ಸುತ್ತ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ತಗಡಿನ ಮಾಡು. ಲಕ್ಷಾಂತರ ರೂಪಾಯಿ ಸುರಿದು ಆರ್‌ಸಿಸಿ ಸ್ಲ್ಯಾಬ್ ಹಾಕಿಸಿದವರು ನಾಲ್ಕಾರು ವರ್ಷ ಕಳೆಯುವಷ್ಟರಲ್ಲಿ ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತಾರೆ. ಇದನ್ನು ಕಂಡು ಹೊರಗಿನವರು ಬೇಸರಪಡುವುದುಂಟು. ನನಗೆ ಮಾತ್ರ ಆ ತಗಡಿನಲ್ಲಿ ನಮ್ಮ ಜನರ ನೂರಾರು ಮಳೆಗಾಲದ ಅನುಭವ ಕಾಣುತ್ತದೆ. ಸಪಾಟಾದ ಮೇಲ್ಮೈಯ ಮೇಲೆ ನೀರು ನಿಂತರೆ ಅದು ಒಂದಲ್ಲ ಒಂದು ದಿನ ಕೆಳಗಿಳಿದೇ ಇಳಿಯುತ್ತದೆಂಬುದು ಇಲ್ಲಿ ಎಲ್ಲರಿಗೂ ಗೊತ್ತು. ಆದ್ದರಿಂದ ಸ್ಲ್ಯಾಬಿನ ಮೇಲೆ ಮಣ್ಣು ಹಾಕಿ ಬೇಣದಂತೆ, ಅಂದರೆ ಹುಲ್ಲಿಗೆಂದೇ ಬಿಟ್ಟ ಬಯಲಿನಂತೆ, ಹುಲ್ಲು ಬೆಳೆಸೋಣವೆಂದು ನಾನು ಹೇಳಿದ ಕೂಡಲೇ "ಸೋರುವುದಿಲ್ಲವೇ?" ಎಂಬ ಪ್ರಶ್ನೆ ಬಂದರೆ ನನಗೆ ಸಂತೋಷವಾಗುತ್ತದೆ, ಏಕೆಂದರೆ ಕೇಳಬೇಕಾದ ಪ್ರಶ್ನೆ ಅದೇ. ಇಂದಿನ ನನ್ನ ಮಾತೆಲ್ಲ ಆ ಪ್ರಶ್ನೆಗೆ ಕೊಡುವ ಉತ್ತರ. ಹಸಿರು ಚಾವಣಿಯೆಂದರೆ ತೋಟಗಾರಿಕೆಯೆಂದು ತಿಳಿದು ಕೆಲಸಕ್ಕೆ ಕೈಹಾಕಿದವರು ನಮ್ಮ ಕರಾವಳಿಯಲ್ಲಿ ಸೋಲುತ್ತಾರೆ. ನೀರಿಗೆ ದಾರಿ ಬಿಡುವ ಕೆಲಸವೆಂದು ತಿಳಿದವರಿಗೆ ಅದು ದಕ್ಕುತ್ತದೆ.

ಚಾವಣಿಯ ಮೇಲೆ ಗಿಡ ಬೆಳೆಸುವುದು ಹೊಸತಲ್ಲ. ನಾರ್ವೆಯ ಹಳೆಯ ಮನೆಗಳಲ್ಲಿ ಹಲಗೆಯ ಮಾಡಿನ ಮೇಲೆ ಬರ್ಚ್ ಮರದ ತೊಗಟೆಯನ್ನು ಪದರ ಪದರವಾಗಿ ಹಾಸಿ, ಅದರ ಮೇಲೆ ಹುಲ್ಲಿನ ಹೆಂಟೆಗಳನ್ನು ಹೊದೆಸುತ್ತಿದ್ದರು. ನೀರು ತಡೆಯುವ ಕೆಲಸ ತೊಗಟೆಯದು, ತೊಗಟೆ ಹಾರಿಹೋಗದಂತೆ ಒತ್ತಿ ಹಿಡಿಯುವ ಕೆಲಸ ಹುಲ್ಲಿನ ಮಣ್ಣಿನದು. ಇಂದು ನಾವು ಹಸಿರು ಚಾವಣಿ ಎಂದು ಕರೆಯುವ ಪದ್ಧತಿ ಬೆಳೆದದ್ದು ಹೆಚ್ಚಾಗಿ ಜರ್ಮನಿಯಲ್ಲಿ. ಅಲ್ಲಿನ ಸ್ಟುಟ್‌ಗಾರ್ಟ್ ನಗರ 1980ರ ದಶಕದಿಂದಲೇ ಇದಕ್ಕೆ ಸಹಾಯಧನ ಕೊಡುತ್ತ ಬಂದಿದೆ. ಕೆನಡಾದ ಟೊರಾಂಟೊ 2009ರಲ್ಲಿ ದೊಡ್ಡ ಕಟ್ಟಡಗಳಿಗೆ ಇದನ್ನು ಕಡ್ಡಾಯ ಮಾಡಿತು. ಆ ದೇಶಗಳ ಪುಸ್ತಕಗಳಿಂದ ಕಲಿಯುವುದು ಬಹಳ ಇದೆ, ನಾನೂ ಅಲ್ಲಿಂದಲೇ ಕಲಿತೆ. ಆದರೆ ಸ್ಟುಟ್‌ಗಾರ್ಟ್, ಟೊರಾಂಟೊಗಳಲ್ಲಿ ವರ್ಷವಿಡೀ ಹಂಚಿಕೊಂಡು ಬೀಳುವ ಮಳೆ ಸುಮಾರು 700ರಿಂದ 800 ಮಿಲಿಮೀಟರ್. ಕಾರವಾರದಲ್ಲಿ ಸುಮಾರು 3000 ಮಿಲಿಮೀಟರ್, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹಾಗಾಗಿ ನೂರು ಚದರ ಮೀಟರಿನ ಒಂದು ಸಾಧಾರಣ ಮನೆಯ ಚಾವಣಿ ವರ್ಷಕ್ಕೆ ಮೂರು ಲಕ್ಷ ಲೀಟರ್ ನೀರನ್ನು ಹೊರಬೇಕು, ಹೊತ್ತು ಇಳಿಸಲೂ ಬೇಕು. ಇನ್ನುಳಿದ ಎಂಟು ತಿಂಗಳು ಅದೇ ಚಾವಣಿ ಹೆಚ್ಚುಕಡಿಮೆ ಹನಿ ನೀರಿಲ್ಲದೆ ಕಾಯುತ್ತದೆ. ಪುಸ್ತಕದ ಚಾವಣಿಯನ್ನು ತಂದು ಇಲ್ಲಿ ಹಾಗೆಯೇ ಕೂರಿಸಿದರೆ ಅದು ಮಳೆಗಾಲದಲ್ಲಿ ಕೊಳೆಯುತ್ತದೆ, ಬೇಸಿಗೆಯಲ್ಲಿ ಸಾಯುತ್ತದೆ.

ಹಾಗಾದರೆ ನಮಗೆ ಮಾದರಿ ಯಾವುದು? ಮಾದರಿ ನಮ್ಮ ಊರಿನಲ್ಲೇ ಇದೆ, ಮತ್ತು ಅದು ಮನುಷ್ಯರು ಕಟ್ಟಿದ್ದಲ್ಲ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಗುಡ್ಡಗಳ ನೆತ್ತಿಯಲ್ಲಿ ಕೆಂಪುಕಲ್ಲಿನ ಬಯಲುಗಳಿವೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ಕಪ್ಪಿಟ್ಟ ಬರಿಯ ಕಲ್ಲು, ಬಿರುಕುಗಳಲ್ಲಿ ಒಣಗಿದ ಹುಲ್ಲಿನ ಬುಡ, ಕಾಲಿಗೆ ಚುಚ್ಚುವ ಹರಳು. ಇಲ್ಲಿ ಏನೂ ಬೆಳೆಯದೆಂದು ಯಾರಾದರೂ ಹೇಳಬಹುದು, ಹೇಳಿ ಕ್ವಾರಿಗೆ ಬಿಟ್ಟುಕೊಡಲೂಬಹುದು; ಹಾಗೆ ಬಿಟ್ಟುಕೊಟ್ಟ ಎಷ್ಟೋ ಬಯಲುಗಳು ಇಂದು ಚಿರೆಕಲ್ಲು ತೆಗೆದ ಹೊಂಡಗಳಾಗಿ ಉಳಿದಿವೆ ಎಂಬುದು ನನಗೆ ತೀರಾ ನೋವಿನ ಸಂಗತಿ. ಅದೇ ಬಯಲಿಗೆ ಆಗಸ್ಟಿನಲ್ಲಿ ಹೋಗಿ ನೋಡಬೇಕು. ಎರಡು ಬೆರಳಿನಷ್ಟೂ ದಪ್ಪವಿಲ್ಲದ ಮಣ್ಣಿನಲ್ಲಿ ಹುಲ್ಲು ಎದ್ದಿರುತ್ತದೆ. ಎರಿಯೊಕಾಲಾನ್ ಕುಲದ ಗಿಡಗಳ ಬಿಳಿ ಗುಂಡಿಯಂಥ ಹೂಗಳು ನೆಲದ ತುಂಬ ಚೆಲ್ಲಿರುತ್ತವೆ. ನೀರು ಜಿನುಗುವಲ್ಲಿ ಕೀಟ ಹಿಡಿದು ತಿನ್ನುವ ಯೂಟ್ರಿಕ್ಯುಲೇರಿಯಾದ ಸಣ್ಣ ನೀಲಿ ಹೂವು, ಅಂಟು ಹನಿಯ ಕೂದಲು ಹೊತ್ತ ಡ್ರೋಸೆರಾ. ಕೆಳಗೆ ನೀರು ಇಂಗದ ಕಲ್ಲು, ಮೇಲೆ ತೆಳುವಾದ ಮಣ್ಣು, ನಾಲ್ಕು ತಿಂಗಳ ಧಾರೆ, ಎಂಟು ತಿಂಗಳ ಬಿಸಿಲು. ನಮ್ಮ ಸ್ಲ್ಯಾಬಿನ ಸ್ಥಿತಿಯೂ ಇದೇ ಅಲ್ಲವೇ? ಈ ಬಯಲು ಬದುಕುವುದು ಎರಡು ಉಪಾಯದಿಂದ. ಮಳೆಯ ನೀರನ್ನು ಅದು ಹಿಡಿದಿಡುವುದಿಲ್ಲ, ಇಳಿಜಾರಿನಲ್ಲಿ ತೆಳುವಾಗಿ ಹರಿಸಿಬಿಡುತ್ತದೆ. ಮಳೆ ನಿಂತ ಮೇಲೆ ಅಲ್ಲಿನ ಗಿಡಗಳು ಹಸಿರಾಗಿರಲು ಹಟ ಹಿಡಿಯುವುದಿಲ್ಲ, ಬೀಜವಾಗಿ ಇಲ್ಲವೇ ಗಡ್ಡೆಯಾಗಿ ಮಲಗುತ್ತವೆ. ನಾನು ಕಟ್ಟುವ ಚಾವಣಿಗಳಲ್ಲಿ ಈ ಎರಡೂ ಗುಣಗಳನ್ನು ತರಲು ಪ್ರಯತ್ನಿಸುತ್ತೇನೆ.

ಈಗ ಭಾರದ ವಿಷಯಕ್ಕೆ ಬರುತ್ತೇನೆ. ಇದನ್ನು ಮೊದಲು ಲೆಕ್ಕ ಹಾಕದೆ ಯಾರೂ ಒಂದು ಬುಟ್ಟಿ ಮಣ್ಣನ್ನೂ ಮೇಲೆ ಹೊರಬಾರದು. ಐದು ಇಂಚಿನ ಸ್ಲ್ಯಾಬ್ ತನ್ನ ಸ್ವಂತ ತೂಕವನ್ನೇ ಚದರ ಮೀಟರಿಗೆ ಮುನ್ನೂರು ಕಿಲೋಗಿಂತ ಹೆಚ್ಚು ಹೊತ್ತಿರುತ್ತದೆ. ಅದರ ಮೇಲೆ ಜನ ಓಡಾಡುವ ತಾರಸಿಗೆಂದು ಕಟ್ಟಡದ ಭಾರಗಳ ಭಾರತೀಯ ಮಾನಕವಾದ ಐಎಸ್ 875 ಸಂಹಿತೆ ಲೆಕ್ಕಕ್ಕೆ ಹಿಡಿಯಲು ಹೇಳುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಜನ ಹತ್ತದ ಚಾವಣಿಗೆ ಇದರ ಅರ್ಧ ಮಾತ್ರ. ನೀರು ಕುಡಿದ ತೋಟದ ಕೆಂಪು ಮಣ್ಣು ಒಂದು ಘನ ಮೀಟರಿಗೆ ಸುಮಾರು 1800 ಕಿಲೋ ತೂಗುತ್ತದೆ. ಹತ್ತು ಸೆಂಟಿಮೀಟರ್ ದಪ್ಪಕ್ಕೆ ಹಾಸಿದರೆ ಚದರ ಮೀಟರಿಗೆ 180 ಕಿಲೋ ಆಯಿತು. ಜನ ನಿಲ್ಲುವುದಕ್ಕೆಂದು ಇಟ್ಟುಕೊಂಡಿದ್ದ ಶಕ್ತಿಯೆಲ್ಲ ಮಣ್ಣಿಗೇ ಮುಗಿದುಹೋಗಿ, ಇನ್ನೂ ಸಾಲದೆ ಬಂತು. ಇದು ನಾಳೆ ಇಳಿಸಬಹುದಾದ ಭಾರವೂ ಅಲ್ಲ, ಹಗಲು ರಾತ್ರಿ ಹೊತ್ತೇ ಇರಬೇಕಾದ ಭಾರ. ಆದ್ದರಿಂದ ಹೊಸದಾಗಿ ಕಟ್ಟುವವರು ನಕ್ಷೆಯ ಹಂತದಲ್ಲೇ ತಮ್ಮ ಎಂಜಿನಿಯರಿಗೆ ಹಸಿರು ಚಾವಣಿಯ ಯೋಚನೆಯನ್ನು ಹೇಳಿಬಿಡಬೇಕು. ಆಗ ಕಬ್ಬಿಣದಲ್ಲಿ ಆಗುವ ವ್ಯತ್ಯಾಸ ಸಣ್ಣದು. ಕಟ್ಟಿ ಮುಗಿದ ಮೇಲೆ ಕೇಳಿದರೆ ನನ್ನಂಥವರಿಂದ ಬರುವ ಉತ್ತರ ಹೆಚ್ಚಿನ ಸಲ ಇಲ್ಲವೆಂಬುದೇ.

ಹಳೆಯ ಸ್ಲ್ಯಾಬಿನ ಬಗ್ಗೆ ಕಾರವಾರದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸಮುದ್ರದ ಗಾಳಿಯಲ್ಲಿ ತೇಲಿ ಬರುವ ಉಪ್ಪು ಕಾಂಕ್ರೀಟಿನೊಳಗೆ ನಿಧಾನವಾಗಿ ಇಳಿದು ಒಳಗಿನ ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬುತ್ತದೆ, ಉಬ್ಬಿದಾಗ ಅಡಿಯ ಸಿಮೆಂಟು ಸಿಪ್ಪೆಯಂತೆ ಬೀಳುತ್ತದೆ. ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಕಾಂಕ್ರೀಟ್ ಕೆಲಸದ ಐಎಸ್ 456 ಸಂಹಿತೆ ಸರಳಿನ ಮೇಲೆ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆಯನ್ನೂ ಎಂ30 ಎಂಬ ಬಲದ ದರ್ಜೆಯ ಕಾಂಕ್ರೀಟನ್ನೂ ಕೇಳುತ್ತದೆ. ಹಳೆಯ ಮನೆಗಳಲ್ಲಿ ಇದರ ಅರ್ಧದಷ್ಟು ಹೊದಿಕೆಯೂ ಇಲ್ಲದ್ದನ್ನು ನಾನು ಒಡೆದು ನೋಡಿ ಬಲ್ಲೆ. ಅಡಿಯಲ್ಲಿ ಕಂದು ಗೆರೆ ಮೂಡಿದ, ತಟ್ಟಿದರೆ ಪೊಳ್ಳು ಸದ್ದು ಬರುವ ಸ್ಲ್ಯಾಬಿನ ಮೇಲೆ ಒಂದು ಚಟ್ಟಿ ಗಿಡವನ್ನೂ ಹೊಸದಾಗಿ ಇಡಬೇಡಿ.

ಸ್ಲ್ಯಾಬ್ ಸಮರ್ಥವಾಗಿದೆ ಎಂದಾದ ಮೇಲೆ ಪದರಗಳ ಕೆಲಸ. ಎಲ್ಲಕ್ಕಿಂತ ಕೆಳಗೆ ನೀರು ತಡೆಯುವ ಹಾಳೆ ಅಥವಾ ಲೇಪನ, ಅದರ ಮೇಲೆ ಬೇರು ತಡೆಯುವ ಹಾಳೆ, ಆಮೇಲೆ ನೀರು ಹರಿಯುವ ಪದರ, ಮಣ್ಣಿನ ನುಣ್ಣನೆಯ ಕಣ ಕೆಳಗಿಳಿಯದಂತೆ ಸೋಸುವ ಜಿಯೊಟೆಕ್ಸ್ಟೈಲ್ ಬಟ್ಟೆ, ಕೊನೆಗೆ ಮಣ್ಣು ಮತ್ತು ಗಿಡ. ಇವುಗಳಲ್ಲಿ ನಮ್ಮವರು ಬಿಟ್ಟುಬಿಡುವುದು ಬೇರು ತಡೆಯುವ ಹಾಳೆಯನ್ನು. ಡಾಂಬರು ಮೂಲದ ವಾಟರ್ ಪ್ರೂಫ್ ಹಾಳೆ ನೀರನ್ನು ತಡೆಯುತ್ತದೆ ನಿಜ, ಆದರೆ ಬೇರು ಅದರ ಜೋಡಣೆಗಳನ್ನು ಹುಡುಕಿ ತೂರುತ್ತದೆ. ಅದರ ಮೇಲೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆಯೊಂದು ಇರಲೇಬೇಕು, ಜೋಡಣೆಗಳನ್ನು ಬೆಸುಗೆ ಹಾಕಿರಲೂಬೇಕು. ಗೋಡೆ ಮತ್ತು ಸ್ಲ್ಯಾಬ್ ಕೂಡುವಲ್ಲಿ ಮೇಸ್ತ್ರಿಗಳು ಗುಂಡಗೆ ತೀಡುವ ಗೋಲಾ ಅಚ್ಚುಕಟ್ಟಾಗಿರಬೇಕು, ಹಾಳೆ ಆ ಗೋಲಾದ ಮೇಲೆ ಹತ್ತಿ ಮಣ್ಣಿನ ಮಟ್ಟಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಮೇಲೆ ನಿಲ್ಲಬೇಕು. ಇಲ್ಲಿ ಸ್ಲ್ಯಾಬಿನ ಮಟ್ಟಕ್ಕಿಂತ ಎಂದಲ್ಲ, ಮಣ್ಣಿನ ಮಟ್ಟಕ್ಕಿಂತ ಎಂದು ಹೇಳಿದ್ದನ್ನು ದಯವಿಟ್ಟು ಗುರುತಿಸಿಕೊಳ್ಳಿ. ಆಮೇಲೆ ಹೊರಗಂಡಿಗಳನ್ನು ಮುಚ್ಚಿ ನೀರು ಕಟ್ಟಿ ಮೂರು ದಿನ ಬಿಟ್ಟು ನೋಡದೆ ಮುಂದಿನ ಪದರ ಹಾಸಬಾರದು. ಮಣ್ಣು ಹಾಕಿದ ಮೇಲೆ ಸೋರಿಕೆಯ ಜಾಗ ಹುಡುಕುವುದೆಂದರೆ ಇಡೀ ಚಾವಣಿಯನ್ನು ಅಗೆಯುವುದು.

ನಾನು ಹುಟ್ಟಿ ಬೆಳೆದದ್ದು ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ. ತೋಟದ ಕೆಲಸಗಳಲ್ಲಿ ಅಪ್ಪಯ್ಯ ತಾವೇ ಮುಂದೆ ನಿಂತು ಮಾಡಿಸುತ್ತಿದ್ದದ್ದು ಬಸಿಗಾಲುವೆ ಎತ್ತಿಸುವ ಕೆಲಸವನ್ನು. ಗೊಬ್ಬರ ಒಂದು ವರ್ಷ ತಡವಾದರೂ ಮರ ತಡೆದುಕೊಳ್ಳುತ್ತದೆ, ಬುಡದಲ್ಲಿ ನೀರು ನಿಂತರೆ ಒಂದೇ ಮಳೆಗಾಲಕ್ಕೆ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ಎಂಜಿನಿಯರಿಂಗ್ ಓದಿದ ಮೇಲೆ ಆ ಮಾತನ್ನು ನಾನು ಮರೆತಿದ್ದೆ. ಅದನ್ನು ನೆನಪಿಸಿದ್ದು ನಾನು ಮೊದಮೊದಲು ಮಾಡಿಸಿದ ಒಂದು ಚಾವಣಿ.

ಆ ಮನೆ ಕುಮಟಾ ಸೀಮೆಯಲ್ಲಿತ್ತು. ಸ್ಲ್ಯಾಬ್ ಗಟ್ಟಿಯಾಗಿತ್ತು, ಹಾಳೆಗಳೆಲ್ಲ ಸರಿಯಾಗಿದ್ದವು. ಮಣ್ಣನ್ನು ಮಾತ್ರ ಮನೆಯ ಹಿಂದಿನ ಹಿತ್ತಲಿನಿಂದಲೇ ತೆಗೆಸಿ ಹಾಕಿಸಿದ್ದೆ, ಒಳ್ಳೆಯ ಕೆಂಪು ಮಣ್ಣು. ಮೊದಲ ವರ್ಷ ಹುಲ್ಲು ಸೊಂಪಾಗಿ ಬಂತು, ಮನೆಯವರು ಬಂದವರಿಗೆಲ್ಲ ಕರೆದೊಯ್ದು ತೋರಿಸಿದರು. ಎರಡನೆಯ ವರ್ಷ ಪುನರ್ವಸು ಮಳೆ ಬಿಡದೆ ಹೊಡೆಯುತ್ತಿದ್ದ ಒಂದು ಬೆಳಗ್ಗೆ ಮನೆಯ ಹಿರಿಯರು ಫೋನ್ ಮಾಡಿ, "ತಮ್ಮಾ, ದೇವರ ಕೋಣೆಯ ಗೋಡೆ ಒದ್ದೆಯಾಗಿದೆ, ಒಮ್ಮೆ ಬಂದು ನೋಡು" ಎಂದರು. ಹೋಗಿ ಏಣಿ ಹತ್ತಿ ನೋಡಿದರೆ ಹುಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು. ನೀರಿಳಿಯುವ ಬಾಯಿ ಎಲ್ಲಿದೆಯೆಂದು ಕೈಯಿಂದ ಮಣ್ಣು ಸರಿಸುತ್ತಾ ಹೋದೆ. ಮಣ್ಣಿನಡಿಯ ಬಟ್ಟೆ ಕೈಗೆ ಸಿಕ್ಕಿತು. ಅದು ಬಟ್ಟೆಯ ಹಾಗಿರಲಿಲ್ಲ. ಕೆಂಪು ಮಣ್ಣಿನ ನುಣ್ಣನೆಯ ಜೇಡಿ ಅದರ ರಂಧ್ರಗಳಲ್ಲೆಲ್ಲ ಕೂತು, ಸೆಗಣಿ ಸಾರಿಸಿ ಒಣಗಿಸಿದ ಚಾಪೆಯಂತೆ ಬಿಗಿದುಕೊಂಡಿತ್ತು. ಮೇಲೆ ನೀರಿನ ಹೊರೆ, ಕೆಳಗೆ ಜಲ್ಲಿಯ ಪದರ ಖಾಲಿ. ಚಾಕುವಿನಿಂದ ಬಟ್ಟೆಯನ್ನು ಅಡ್ಡಲಾಗಿ ಕೊಯ್ದಾಗ ನೀರು ಗುಳುಗುಳು ಎಂದು ಇಳಿಯತೊಡಗಿತು. ಪೂರ್ತಿ ಇಳಿಯಲು ಸುಮಾರು ಅರ್ಧ ಗಂಟೆ ಹಿಡಿಯಿತು. ಸೋರಿದ್ದು ಸ್ಲ್ಯಾಬಿನಲ್ಲಲ್ಲ. ಮೇಲೆ ನಿಂತ ನೀರು ಪ್ಯಾರಾಪೆಟ್ ಗೋಡೆಯ ಮೇಲೆ ಹಾಳೆ ಮುಗಿದಿದ್ದ ಗೆರೆಯನ್ನು ದಾಟಿ ಹಿಂದಿನಿಂದ ಇಳಿದಿತ್ತು. ಹಾಳೆಯನ್ನು ಮಣ್ಣಿನ ಮಟ್ಟದಿಂದ ಎಷ್ಟು ಮೇಲೆ ನಿಲ್ಲಿಸಬೇಕೆಂದು ಯೋಚಿಸದೆ, ಸ್ಲ್ಯಾಬಿನ ಮಟ್ಟದಿಂದ ಅಳೆದಿದ್ದವನು ನಾನು. ತಪ್ಪು ಎರಡೂ ನನ್ನವೇ. ಆ ಮಳೆಗಾಲ ಕಳೆದ ಮೇಲೆ ನನ್ನ ಖರ್ಚಿನಲ್ಲಿ ಮಣ್ಣೆಲ್ಲವನ್ನೂ ಇಳಿಸಿ ಮತ್ತೆ ಕಟ್ಟಿಸಿಕೊಟ್ಟೆ.

ಅಲ್ಲಿಂದ ಮುಂದೆ ನಾನು ಬಿಡದೆ ಪಾಲಿಸುತ್ತ ಬಂದಿರುವ ಕೆಲವು ಕಟ್ಟುಪಾಡುಗಳಿವೆ. ಸ್ಲ್ಯಾಬಿಗೆ ಒಂದು ಮೀಟರಿಗೆ ಎರಡು ಸೆಂಟಿಮೀಟರಿನಷ್ಟು ವಾಟ, ಅಂದರೆ ಇಳಿಜಾರು, ಇರಬೇಕು, ಮತ್ತು ಅದು ಮಣ್ಣಿನಲ್ಲಿ ಕೊಟ್ಟ ವಾಟವಾಗಿರದೆ ಹಾಳೆಯ ಅಡಿಯಲ್ಲೇ ಇರಬೇಕು. ಗಂಟೆಗೆ 100 ಮಿಲಿಮೀಟರ್ ವೇಗದಲ್ಲಿ ಹೊಡೆಯುವ ಮಳೆಗೆ ನಾಲ್ಕಿಂಚಿನ ಒಂದು ಪೈಪು ಸುಮಾರು ನಲವತ್ತು ಚದರ ಮೀಟರ್ ಚಾವಣಿಯ ನೀರನ್ನಷ್ಟೇ ಇಳಿಸಬಲ್ಲದು. ನೂರು ಚದರ ಮೀಟರಿಗೆ ಮೂರು ಪೈಪು ಬೇಕು, ಎರಡರಲ್ಲಿ ಮುಗಿಸುವ ಉಳಿತಾಯ ಬೇಡ. ಪ್ರತಿ ಪೈಪಿನ ಬಾಯಿಯ ಮೇಲೆ ಇಟ್ಟಿಗೆಯಿಂದಲೋ ತೂತು ಕೊರೆದ ಪಿವಿಸಿ ಡಬ್ಬಿಯಿಂದಲೋ ಒಂದು ಚೌಕ ಗೂಡು ಮಾಡಿ, ಮಣ್ಣು ಅದರೊಳಗೆ ಬೀಳದಂತೆ ಕಟ್ಟಿ, ಮೇಲೆ ಎತ್ತಬಹುದಾದ ಮುಚ್ಚಳ ಹಾಕಬೇಕು. ಕೈ ಹೋಗಿ ತಳ ಮುಟ್ಟುವಷ್ಟು ಅಗಲ ಇರಲಿ. ಗೋಡೆಯ ಅಂಚಿನಲ್ಲಿ, ಪೈಪಿನ ಗೂಡಿನ ಸುತ್ತ ಅರ್ಧ ಮೀಟರ್ ಅಗಲಕ್ಕೆ ಗಿಡವಿಲ್ಲದ ಜಲ್ಲಿಯ ಪಟ್ಟಿ ಬಿಡಬೇಕು. ನೀರಿಗೂ ಅದೇ ದಾರಿ, ಬೇಸಿಗೆಯಲ್ಲಿ ಒಣಹುಲ್ಲಿಗೆ ಕಿಡಿ ತಾಗಿದರೆ ತಡೆಯೂ ಅದೇ. ಇದೆಲ್ಲದರ ಮೇಲೆ, ಪ್ಯಾರಾಪೆಟ್ ಗೋಡೆಯಲ್ಲಿ ಮಣ್ಣಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ, ಹಾಳೆಯ ಅಂಚಿಗಿಂತ ಕೆಳಗೆ, ಹೆಚ್ಚುವರಿ ನೀರಿಗೆಂದು ಕಿಂಡಿಗಳಿರಬೇಕು. ಎಲ್ಲ ಪೈಪುಗಳೂ ಕಟ್ಟಿದ ರಾತ್ರಿ ಆ ಕಿಂಡಿಯೇ ಮನೆಯನ್ನು ಕಾಯುತ್ತದೆ. ಕಿಂಡಿಯಿಲ್ಲದೆ ಒಂದು ಅಡಿ ನೀರು ನಿಂತಿತೆಂದರೆ ಚದರ ಮೀಟರಿಗೆ ಮುನ್ನೂರು ಕಿಲೋ ಹೊಸ ಭಾರ ಬಂದು ಕೂತಿತೆಂದು ಅರ್ಥ.

ಮಣ್ಣಿನ ಬಗ್ಗೆ. ತೋಟದ ಮಣ್ಣನ್ನು ನಾನೀಗ ಮುಟ್ಟುವುದಿಲ್ಲ. ನಮ್ಮ ಊರುಗಳಲ್ಲಿ ಹಳೆಯ ಮನೆ ಬಿಚ್ಚಿದಾಗ ರಾಶಿ ಬೀಳುವ ಮಂಗಳೂರು ಹೆಂಚಿನ ಒಡಕಲುಗಳಿಗಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಊರೂರಿಗೆ ಬಂದ ಹೆಂಚು ಈಗ ಮಾಡಿನಿಂದ ಇಳಿದು ಬೇಲಿಯ ಬದಿಗೆ ಬಿದ್ದಿದೆ. ಸುಟ್ಟ ಮಣ್ಣಾದ್ದರಿಂದ ಅದು ಹಗುರ, ಸಣ್ಣ ರಂಧ್ರಗಳಲ್ಲಿ ತೇವ ಹಿಡಿಯುತ್ತದೆ, ದೊಡ್ಡ ಸಂದುಗಳಲ್ಲಿ ನೀರು ಬಿಡುತ್ತದೆ, ಕೊಳೆಯುವುದಿಲ್ಲ. ಅದನ್ನು ಕಡಲೆಕಾಳಿನಷ್ಟು ಚೂರು ಮಾಡಿಸಿ, ಪುಡಿಯನ್ನು ಜರಡಿ ಹಿಡಿದು ತೆಗೆದು, ಮುಕ್ಕಾಲು ಪಾಲಿಗೆ ಅದನ್ನೇ ಹಾಕುತ್ತೇನೆ. ಉಳಿದದ್ದರಲ್ಲಿ ಸುಟ್ಟ ಭತ್ತದ ಹೊಟ್ಟು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪವೇ ತೆಂಗಿನ ನಾರಿನ ಪುಡಿ. ನಾರಿನ ಪುಡಿಯನ್ನು ಅಂಗಡಿಯವರು ಹಗುರವೆಂದು ಹೊಗಳುತ್ತಾರೆ, ಒಣಗಿದ್ದಾಗ ಹೌದು. ಅದು ತನ್ನ ತೂಕದ ಎಂಟು ಪಟ್ಟಿನಷ್ಟು ನೀರು ಕುಡಿಯಬಲ್ಲದು, ಜುಲೈಯಲ್ಲಿ ಆ ನೀರಿನ ಭಾರವೂ ಸ್ಲ್ಯಾಬಿಗೇ. ಗೊಬ್ಬರ, ನಾರು ಎಲ್ಲ ಸೇರಿ ಐದನೇ ಒಂದು ಪಾಲನ್ನು ಮೀರಬಾರದು, ಮೀರಿದರೆ ಎರಡು ವರ್ಷದಲ್ಲಿ ಕೊಳೆತು ಕುಗ್ಗಿ ಚಾವಣಿ ತಗ್ಗು ಬೀಳುತ್ತದೆ. ಒಟ್ಟು ದಪ್ಪ ಎಂಟರಿಂದ ಹತ್ತು ಸೆಂಟಿಮೀಟರ್ ಸಾಕು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಒಣ ತೂಕವನ್ನಲ್ಲ. ಒಂದು ಡಬ್ಬಿಯಲ್ಲಿ ಮಿಶ್ರಣ ತುಂಬಿ, ಒಂದು ದಿನ ನೀರಿನಲ್ಲಿ ಮುಳುಗಿಸಿ, ಬಸಿದು ತೂಗಿ ನೋಡಿ. ಆ ತೂಕವನ್ನು ಎಂಜಿನಿಯರಿಗೆ ಕೊಡಿ.

ಗಿಡಗಳ ವಿಷಯಕ್ಕೆ ಜನ ತುಂಬ ಸಮಯ ಕೊಡುತ್ತಾರೆ, ನಾನು ಕಡಿಮೆ ಕೊಡುತ್ತೇನೆ. ಯುರೋಪಿನ ಚಾವಣಿಗಳಲ್ಲೆಲ್ಲ ಹಬ್ಬಿರುವ, ದಪ್ಪ ಎಲೆಯ ಸೀಡಮ್ ಗಿಡ ನಮ್ಮ ಆಷಾಢದ ಮಳೆಗೆ ಕರಗಿಹೋಗುತ್ತದೆ. ಲೋಳೆಸರವೂ ನೀರು ನಿಲ್ಲುವಲ್ಲಿ ಕೊಳೆಯುತ್ತದೆ. ಗೋಣಿಸೊಪ್ಪು, ದೊಡ್ಡಪತ್ರೆ, ಕಾಡುಬಸಳೆ, ಗರಿಕೆ, ಇವು ಹೆಚ್ಚು ಹೇಳಿಸಿಕೊಳ್ಳದೆ ಬದುಕುತ್ತವೆ. ಕಡಲಿಗೆ ಮುಖ ಮಾಡಿದ ಮನೆಗಳಲ್ಲಿ, ದಂಡೆಯ ಮರಳಿನಲ್ಲಿ ನೇರಳೆ ಹೂ ಬಿಟ್ಟು ಹಬ್ಬುವ, ಆಡಿನ ಗೊರಸಿನಾಕಾರದ ಎಲೆಯ ಅಡುಂಬು ಬಳ್ಳಿ ಉಪ್ಪುಗಾಳಿಯನ್ನು ತಡೆಯುತ್ತದೆ, ಆದರೆ ಅದನ್ನು ವರ್ಷಕ್ಕೊಮ್ಮೆ ಕಡಿದು ಹದ್ದುಬಸ್ತಿನಲ್ಲಿಡಬೇಕು. ಲಾವಂಚದ ಬೇರು ಆಳಕ್ಕಿಳಿಯುವಂಥದ್ದು, ಹತ್ತು ಸೆಂಟಿಮೀಟರಿನ ಮಣ್ಣು ಅದರ ಜಾಗವಲ್ಲ. ತರಕಾರಿ ಬೆಳೆಯುತ್ತೇವೆ ಎನ್ನುವವರು ಘಟ್ಟದ ಮೇಲೆ ಮಂಗಗಳನ್ನೂ, ಕೆಳಗೆ ನೀರಿನ ಭಾರವನ್ನೂ ಯೋಚಿಸಿ ನಿರ್ಧರಿಸಲಿ. ನನಗೆ ಅತ್ಯಂತ ಇಷ್ಟವಾದ ಪದ್ಧತಿಯೆಂದರೆ ಬೇಣದ ಹುಲ್ಲಿನದು. ಊರಿನ ಬೇಣದಲ್ಲಿ ಬೀಜ ಬಲಿತ ಮೇಲೆ ಕೊಯ್ದ ಕರಡ ಹುಲ್ಲನ್ನು ಒಂದೆರಡು ಹೊರೆ ಎತ್ತಿಟ್ಟುಕೊಂಡು, ಮೇ ಕೊನೆಯಲ್ಲಿ ಚಾವಣಿಯ ಮೇಲೆ ತೆಳುವಾಗಿ ಹರಡಿಬಿಡುವುದು. ಬೀಜ ಉದುರುತ್ತದೆ, ಹುಲ್ಲೇ ಹೊದಿಕೆಯಾಗಿ ಮೊದಲ ಮಳೆಯ ಹೊಡೆತದಿಂದ ಮಣ್ಣನ್ನು ಕಾಯುತ್ತದೆ. ಕೆಂಪುಕಲ್ಲಿನ ಬಯಲಿನಿಂದ ಗಿಡಗಳನ್ನು ಕಿತ್ತು ತರುವ ಆಸೆ ಯಾರಿಗೂ ಬೇಡ. ಅವು ಅಲ್ಲೇ ಕಷ್ಟದಲ್ಲಿವೆ.

ಕಾಯುವ ಕೆಲಸವನ್ನು ನಾನು ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಹೇಳುತ್ತೇನೆ, ಹಾಗೆ ಹೇಳಿದರೆ ಯಾರೂ ಮರೆಯುವುದಿಲ್ಲ. ರೋಹಿಣಿ ಮಳೆ ಬೀಳುವ ಮೊದಲು ಎಲ್ಲ ಗೂಡುಗಳ ಮುಚ್ಚಳ ತೆಗೆದು, ತಳದ ಹೂಳು ಬಳಿದು, ಪ್ರತಿ ಪೈಪಿಗೂ ಎರಡು ಬಿಂದಿಗೆ ನೀರು ಸುರಿದು, ಕೆಳಗೆ ಎಷ್ಟು ಹೊತ್ತಿಗೆ ಬಂತೆಂದು ನೋಡಬೇಕು. ಕಾರವಾರದ ದಂಡೆಯ ಬಳಿಯ ಮನೆಗಳಲ್ಲಿ ಗಾಳಿಮರದ ಸೂಜಿಯೆಲೆ ದೊಡ್ಡ ಶತ್ರು. ಬೇರೆ ಎಲೆ ಜಾಲರಿಯ ಮೇಲೆ ನಿಲ್ಲುತ್ತದೆ, ಇದು ಜಾಲರಿಯ ಕಣ್ಣಿನಲ್ಲಿ ತೂರಿ ಒಂದರ ಮೇಲೊಂದು ಹೆಣೆದು ಗುಬ್ಬಿಗೂಡಿನಂತೆ ಕಟ್ಟಿಕೊಳ್ಳುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗೆ ಹದಿನೈದು ದಿನಕ್ಕೊಮ್ಮೆ, ಮಳೆ ಬಿಟ್ಟು ಹೊಳವಾದ ಹೊತ್ತು ನೋಡಿ, ಮೇಲೆ ಹತ್ತಿ ಮುಚ್ಚಳ ಎತ್ತಲೇಬೇಕು. ಒಳಗೆ ನೀರು ಹರಿಯುತ್ತಿದ್ದರೆ ಸರಿ, ನಿಂತಿದ್ದರೆ ಅಂದೇ ಕೆಲಸ. ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆಂಬುದನ್ನೂ ಡೆಂಗಿ ಕಂಡ ಊರಿನವರಿಗೆ ಹೇಳಬೇಕಿಲ್ಲ. ಮಘೆ ಮಳೆಯ ಹೊತ್ತಿಗೆ ಕಳೆ ಕೀಳುವುದು. ಕಮ್ಯುನಿಸ್ಟ್ ಗಿಡ, ಅಕೇಶಿಯಾ ಸಸಿ, ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕಿ ಹಿಕ್ಕೆಯಲ್ಲಿ ಬಂದು ಮೊಳೆಯುವ ಅಶ್ವತ್ಥ, ಬಸರಿ, ಗೋಳಿ. ಕಳೆದ ವರ್ಷ ಒಂದು ಚಾವಣಿಯಲ್ಲಿ ನಾಲ್ಕೇ ಎಲೆಯ ಅಶ್ವತ್ಥದ ಸಸಿಯೊಂದನ್ನು ಕಿತ್ತೆ. ಎಲೆಯೆಲ್ಲ ಸೇರಿ ಅಂಗೈಯಷ್ಟಿತ್ತು. ಬೇರು ಹೆಂಚಿನ ಚೂರಿನ ನಡುವೆ ಸಾಗಿ, ಗೂಡಿನ ತೂತು ಹುಡುಕಿ, ಪೈಪಿನೊಳಗೆ ಮೊಣಕೈವರೆಗಿನ ಉದ್ದ ಇಳಿದಿತ್ತು, ತುದಿಯಲ್ಲಿ ನಾರಿನ ಜಡೆಯಂತೆ ಕವಲೊಡೆದಿತ್ತು. ಅಶ್ವತ್ಥವನ್ನು ಕೀಳಲು ಹಿಂಜರಿಯುವವರಿದ್ದರೆ ಸಸಿಯನ್ನು ಜೋಪಾನವಾಗಿ ತೆಗೆದು ಕೆಳಗೆ ಜಾಗವಿರುವಲ್ಲಿ ನೆಡಲಿ, ನಾನೂ ಹಾಗೆಯೇ ಮಾಡುತ್ತೇನೆ.

ಇಷ್ಟೆಲ್ಲ ಮಾಡಿ ಸಿಗುವುದೇನು? ಇಲ್ಲಿ ಅತಿಯಾಗಿ ಹೇಳಬಾರದು. ಚಾವಣಿ ಮಳೆಯ ನೀರಿನ ಅರ್ಧಕ್ಕಿಂತ ಹೆಚ್ಚನ್ನು ಹೀರಿಕೊಳ್ಳುತ್ತದೆಂಬ ಮಾತು ಬೇರೆ ದೇಶಗಳ ಮಟ್ಟಿಗೆ ಸರಿಯಿರಬಹುದು. ನಮ್ಮ ಹತ್ತು ಸೆಂಟಿಮೀಟರ್ ಪದರ ಚದರ ಮೀಟರಿಗೆ ಮೂವತ್ತು ನಲವತ್ತು ಲೀಟರ್ ಹಿಡಿದು ತುಂಬಿದ ಮೇಲೆ, ಜುಲೈಯ ಉಳಿದ ಮಳೆಯೆಲ್ಲ ಬಂದ ಹಾಗೆಯೇ ಹೋಗುತ್ತದೆ. ಮೇ ಕೊನೆಯ, ಅಕ್ಟೋಬರಿನ ಬಿಡಿ ಮಳೆಗಳಲ್ಲಿ ಮಾತ್ರ ಅದು ಚರಂಡಿಯ ಹೊರೆ ಇಳಿಸುತ್ತದೆ. ನಿಜವಾದ ಲಾಭ ಸೆಕೆಯಲ್ಲಿದೆ. ಬಿಸಿಲು ಸ್ಲ್ಯಾಬನ್ನು ನೇರವಾಗಿ ಮುಟ್ಟುವುದು ನಿಲ್ಲುತ್ತದೆ. ಹಗಲಿನ ಕಾವು, ರಾತ್ರಿಯ ತಂಪು ಇವುಗಳಿಂದ ಕಾಂಕ್ರೀಟು ದಿನವೂ ಹಿಗ್ಗಿ ಕುಗ್ಗಿ ಬಿರುಕು ಬಿಡುವುದು ಕಡಿಮೆಯಾಗುತ್ತದೆ, ನೀರು ತಡೆಯುವ ಹಾಳೆಯ ಆಯುಷ್ಯ ಹೆಚ್ಚುತ್ತದೆ. ಮಣ್ಣಿನಲ್ಲಿ ತೇವವಿರುವವರೆಗೆ, ಆವಿಯಾಗುವ ಪ್ರತಿ ಲೀಟರ್ ನೀರು ಸುಮಾರು 0.67 ಯೂನಿಟ್ ವಿದ್ಯುತ್ತಿನಷ್ಟು ಶಾಖವನ್ನು ಹೊತ್ತೊಯ್ಯುತ್ತದೆ. ಕರಾವಳಿಯ ಗಾಳಿಯಲ್ಲೇ ತೇವ ಹೆಚ್ಚಿರುವುದರಿಂದ ಆವಿಯಾಗುವುದು ಒಳನಾಡಿನಷ್ಟು ಚುರುಕಲ್ಲ. ನಮಗೆ ನೆರಳಿನ ಲಾಭವೇ ದೊಡ್ಡದು.

ಆ ನೆರಳಿಗೆ ಗಿಡ ಹಸಿರಾಗಿರಬೇಕೆಂದಿಲ್ಲ. ಫೆಬ್ರವರಿ ಕಳೆದ ಮೇಲೆ ನಾನು ಕಟ್ಟಿದ ಚಾವಣಿಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಬೆಟ್ಟದ ಮೇಲಿನ ಬಯಲಿನಂತೆಯೇ. ಆಗ ಮನೆಯವರು ಕಳವಳಗೊಂಡು ಬಾವಿಯ ನೀರು ಎತ್ತಿ ಹೊಯ್ಯಲು ಹೊರಡುತ್ತಾರೆ. ದಯವಿಟ್ಟು ಹೊಯ್ಯಬೇಡಿ. ಏಪ್ರಿಲಿನಲ್ಲಿ ದಂಡೆಯ ಬಾವಿಗಳಲ್ಲಿ ಉಪ್ಪು ಏರುವ ಊರು ನಮ್ಮದು, ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಮನೆಗಳು ಪಕ್ಕದಲ್ಲೇ ಇವೆ. ಒಣಗಿದ ಹುಲ್ಲನ್ನು ಎರಡು ಇಂಚು ಬಿಟ್ಟು ಕೊಯ್ದು ಕೆಳಗಿಳಿಸಿ, ಬುಡವನ್ನೂ ಮಣ್ಣನ್ನೂ ಹಾಗೆಯೇ ಬಿಡಿ. ಮಿರುಗದ, ಅಂದರೆ ಮೃಗಶಿರದ, ಮಳೆ ಬಿದ್ದು ವಾರ ಕಳೆಯುವುದರೊಳಗೆ ಮತ್ತೆ ಚಿಗುರುತ್ತದೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಶಿರಸಿಯಿಂದ ಬಂದಿದ್ದ ಹಿರಿಯರೊಬ್ಬರು, ತಾರಸಿಯ ಮೇಲೆಲ್ಲ ಹುಲ್ಲು ಬೆಳೆಸಿದರೆ ಅಡಿಕೆ ಎಲ್ಲಿ ಒಣಗಿಸುವುದೆಂದು ಕೇಳಿದರು. ಅವರ ಮಾತು ಸರಿ. ತೋಟದ ಮನೆಯ ತಾರಸಿ ಮೊದಲು ಅಡಿಕೆಯದು. ಅಲ್ಲಿ ಹಸಿರು ಚಾವಣಿ ಕೊಟ್ಟಿಗೆಯ, ಪಂಪಿನ ಮನೆಯ, ಬಚ್ಚಲ ಮನೆಯ ಸ್ಲ್ಯಾಬಿಗೆ ಸೀಮಿತವಾಗಿರಲಿ ಎಂದೆ. ಈ ಊರಿನ ಅಕ್ಕ ಒಬ್ಬರು, ತಮ್ಮ ಮನೆಗೆ ಈಗಾಗಲೇ ಶೀಟಿನ ಮಾಡಿದೆ, ಅದನ್ನು ತೆಗೆಸಿ ಹುಲ್ಲು ಹಾಕಬಹುದೇ ಎಂದು ಕೇಳಿದರು. ತೆಗೆಸಬೇಡಿ ಅಕ್ಕ, ಹಳೆಯ ಸ್ಲ್ಯಾಬಿಗೆ ಅದೇ ಕೊಡೆ ಎಂದು ಹೇಳಿದೆ. ಮುಂದೆ ಕಾರು ನಿಲ್ಲಿಸಲು ಪೋರ್ಟಿಕೊ ಕಟ್ಟಿಸುವುದಿದ್ದರೆ ಅದರ ಹತ್ತು ಹನ್ನೆರಡು ಚದರ ಮೀಟರಿನಲ್ಲಿ ಆರಂಭಿಸಿ. ಭಾರವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ, ಹತ್ತಲು ಗಟ್ಟಿಯಾದ ಕಬ್ಬಿಣದ ಮೆಟ್ಟಿಲು ಇಡಿಸಿ, ಏಕೆಂದರೆ ಹತ್ತಲು ಕಷ್ಟವಾದ ಚಾವಣಿಯ ಮುಚ್ಚಳವನ್ನು ಜುಲೈಯಲ್ಲಿ ಯಾರೂ ಎತ್ತುವುದಿಲ್ಲ. ಅಡಿಯ ಭಾಗಕ್ಕೆ ಬಿಳಿ ಸುಣ್ಣ ಬಳಿಸಿಡಿ. ಒಂದು ಮಳೆಗಾಲ ಪೂರ್ತಿ ಕಳೆದು, ದೀಪಾವಳಿಯ ಹೊತ್ತಿಗೆ ಕೆಳಗೆ ನಿಂತು ಆ ಸುಣ್ಣವನ್ನು ಮೂಲೆ ಮೂಲೆಯಲ್ಲಿ ನೋಡಿ. ಒಂದು ಕಲೆಯೂ ಕಾಣದಿದ್ದರೆ ನನಗೆ ಹೇಳಿಕಳುಹಿಸಿ, ಉಳಿದದ್ದರ ಬಗ್ಗೆ ಆಗ ಮಾತಾಡೋಣ.